ಬಿದ್ದವರನ್ನು ಎತ್ತುವ ಕಾನೂನು



ಮಾಗಡಿ ರಸ್ತೆಯ ಸುಂಕದಕಟ್ಟೆ ಕಡೆಯಿಂದ ಪೀಣ್ಯ ಎರಡನೇ ಹಂತದ ಕಾರ್ಖಾನೆಗಳಿಗೆ ಹೋಗುವವರಲ್ಲಿ ಬಹಳ ಮಂದಿ ಹೆಗ್ಗನಹಳ್ಳಿಯನ್ನು ಹಾದುಹೋಗುತ್ತಾರೆ. ಒಂದು ಕಾಲದ ಹಳ್ಳಿ ನಗರದೊಳಗೆ ಸೇರಿ ಎಷ್ಟೋ ವರ್ಷವಾಯಿತು. ಮನೆಗಳು ಮಹಡಿಯ ಮೇಲೆ ಮಹಡಿ ಏರಿದವು. ಗಲ್ಲಿ ಗಲ್ಲಿಯಲ್ಲಿ ಲೇತ್ ಶೆಡ್ಡು, ಪವರ್ ಪ್ರೆಸ್ಸು, ವೆಲ್ಡಿಂಗ್ ಅಂಗಡಿಗಳು ಎದ್ದವು. ರಸ್ತೆ ಮಾತ್ರ ಬೆಳೆಯಲಿಲ್ಲ. ಬೆಳಗಿನ ಶಿಫ್ಟಿನ ಹೊತ್ತಿಗೆ ಅದೇ ರಸ್ತೆಯಲ್ಲಿ ಗಾರ್ಮೆಂಟ್ಸಿಗೆ ನಡೆದು ಹೋಗುವ ಹೆಣ್ಣುಮಕ್ಕಳು, ಊಟದ ಡಬ್ಬಿ ಸಿಕ್ಕಿಸಿಕೊಂಡ ಬೈಕುಗಳು, ಶಾಲೆಯ ವ್ಯಾನು, ಬಸ್ಸು, ಕಬ್ಬಿಣದ ಸರಳು ಹೊತ್ತ ಗೂಡ್ಸ್ ಆಟೊ, ನೀರಿನ ಟ್ಯಾಂಕರು, ಎಲ್ಲವೂ ಒಟ್ಟಿಗೇ ನುಗ್ಗಬೇಕು. ಇಂಥ ಕಡೆ ಯಾರಾದರೂ ಬೀಳುವುದು ಅಪರೂಪವಲ್ಲ.

ಬೀಳದಂತೆ ಏನು ಮಾಡಬೇಕು ಎಂಬುದನ್ನು ನೀವು ಸಾಕಷ್ಟು ಸಲ ಕೇಳಿದ್ದೀರಿ. ಹೆಲ್ಮೆಟ್ ಹಾಕಿಕೊಳ್ಳಿ, ಹಿಂದೆ ಕೂತವರಿಗೂ ಹಾಕಿಸಿ. 2022ರಲ್ಲಿ ನಮ್ಮ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ ಹಿಂದೆ ಕೂತವರೇ ಹದಿನಾಲ್ಕು ಸಾವಿರಕ್ಕೂ ಹೆಚ್ಚು. ಅದೇ ವರ್ಷ ಕರ್ನಾಟಕದ ರಸ್ತೆಗಳಲ್ಲಿ ಒಟ್ಟು 11,702 ಜನ ಪ್ರಾಣ ಬಿಟ್ಟರು. ಇದಕ್ಕಿಂತ ಹೆಚ್ಚು ಆ ಬಗ್ಗೆ ಹೇಳುವುದಿಲ್ಲ. ಬಿದ್ದ ಮೇಲೆ ಏನು ಎಂಬುದು ಇಂದಿನ ನನ್ನ ಮಾತು. ಮೊದಲ ಒಂದು ಗಂಟೆಯಲ್ಲಿ ಏನಾಗಬೇಕು, ಆಮೇಲಿನ ದಿನಗಳಲ್ಲಿ ಗಾಯಾಳುವಿಗೂ ಮನೆಯವರಿಗೂ ಏನು ಸಿಗಬೇಕು ಎಂಬುದನ್ನು ಕಾನೂನು ಬರೆದಿಟ್ಟಿದೆ. ಬರೆದದ್ದು ಬೇಕಾದವರ ಕಿವಿಗೆ ಬಿದ್ದಿಲ್ಲ. ನನ್ನ ಕಳವಳ ಅದು.

2016ರ ಫೆಬ್ರುವರಿ 16ರಂದು ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಬಳಿ ನಡೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಗುಬ್ಬಿ ತಾಲ್ಲೂಕಿನ ಹರೀಶ್ ನಂಜಪ್ಪ ಎಂಬ ಯುವಕ ಊರಿಗೆ ಹೋಗಿ, ಪಂಚಾಯಿತಿ ಚುನಾವಣೆಯಲ್ಲಿ ಮತ ಹಾಕಿ, ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದರು. ಲಾರಿ ಹರಿದು ದೇಹ ಎರಡಾಯಿತು. ಆ ಸ್ಥಿತಿಯಲ್ಲೂ ಪ್ರಜ್ಞೆ ಇತ್ತು. ಸಹಾಯಕ್ಕೆ ಕರೆದರು, ತಮ್ಮ ಅಂಗಾಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡರು. ಸುತ್ತ ನಿಂತಿದ್ದವರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಹರೀಶ್ ಉಳಿಯಲಿಲ್ಲ. ಅವರ ಕಣ್ಣುಗಳು ದಾನವಾದವು. ರಾಜ್ಯ ಸರ್ಕಾರ ಮುಂದಿನ ತಿಂಗಳೇ ಅವರ ಹೆಸರಿನಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ಯನ್ನು ತಂದಿತು. ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗಿನ ಚಿಕಿತ್ಸೆಯ ಖರ್ಚನ್ನು ಸರ್ಕಾರ ಭರಿಸುವುದು ಅದರ ತಿರುಳು. ಗಾಯಾಳು ಯಾವ ಊರಿನವರು, ಯಾವ ರಾಜ್ಯದವರು ಎಂದು ಕೇಳುವಂತಿಲ್ಲ ಎಂಬುದು ಅದರ ದೊಡ್ಡತನ.

ಮರುವರ್ಷವೇ, 2017ರ ಫೆಬ್ರುವರಿಯಲ್ಲಿ, ಕೊಪ್ಪಳದಲ್ಲಿ ಸೈಕಲ್ ತುಳಿಯುತ್ತಿದ್ದ ಹುಡುಗನಿಗೆ ಬಸ್ಸು ಬಡಿಯಿತು. ಅಲ್ಲೂ ಜನ ಸೇರಿದರು, ಅಲ್ಲೂ ಮೊಬೈಲುಗಳು ಮೇಲೆದ್ದವು, ಆ ಹುಡುಗನೂ ಉಳಿಯಲಿಲ್ಲ. ನಮ್ಮ ಜನ ಕಲ್ಲೆದೆಯವರು ಎಂದು ಆಗ ಪತ್ರಿಕೆಗಳು ಬರೆದವು. ನಾನು ಅದನ್ನು ಒಪ್ಪುವುದಿಲ್ಲ. ಪಕ್ಕದ ಮನೆಯಲ್ಲಿ ಹೆರಿಗೆ ನೋವು ಬಂದರೆ ನಡುರಾತ್ರಿ ಆಟೊ ತರಲು ಓಡುವವರು ಇದೇ ಜನ. ರಸ್ತೆಯಲ್ಲಿ ಅವರ ಕೈ ಕಟ್ಟಿಹಾಕುವುದು ಭಯ. ‘ಮುಟ್ಟಿದರೆ ಕೇಸು ಮೈಮೇಲೆ ಬರುತ್ತೆ ಕಣಪ್ಪಾ’, ‘ಸ್ಟೇಷನ್ನು, ಕೋರ್ಟು ಅಂತ ಅಲೆಯೋರು ಯಾರು’, ‘ಆಸ್ಪತ್ರೆಯವರು ದುಡ್ಡು ಕಟ್ಟು ಅಂದ್ರೆ ಎಲ್ಲಿಂದ ತರಲಿ’. ದಿನಗೂಲಿಯಲ್ಲಿ ಬದುಕುವವರಿಗೆ ಈ ಭಯ ಸುಳ್ಳಿನದ್ದಲ್ಲ. ಒಂದು ಕಾಲದಲ್ಲಿ ಹಾಗೆಯೇ ನಡೆಯುತ್ತಿತ್ತು.

ಆದರೆ ಆ ಕಾಲ ಕಾನೂನಿನಲ್ಲಿ ಮುಗಿದಿದೆ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ನೆರವಿಗೆ ಬಂದವರನ್ನು ಕಾಪಾಡುವ ಮಾರ್ಗಸೂಚಿಗಳನ್ನು ಇಡೀ ದೇಶ ಪಾಲಿಸಲೇಬೇಕೆಂದು ತೀರ್ಪು ಕೊಟ್ಟಿತು. ಇದಕ್ಕಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ. ನಮ್ಮ ವಿಧಾನಮಂಡಲ 2016ರಲ್ಲಿ ಒಪ್ಪಿದ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು 134ಎ ಎಂಬ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ, ಯಾವ ಪ್ರತಿಫಲವೂ ಬಯಸದೆ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ದಾವೆಯಾಗಲಿ ಕ್ರಿಮಿನಲ್ ಮೊಕದ್ದಮೆಯಾಗಲಿ ಹೂಡುವಂತಿಲ್ಲ. ನೀವು ಎತ್ತಿಕೊಂಡು ಹೋಗುವಾಗ ದಾರಿಯಲ್ಲಿ ಆ ವ್ಯಕ್ತಿ ತೀರಿಕೊಂಡರೂ ಅದರ ಹೊಣೆ ನಿಮ್ಮದಲ್ಲ.

ಹೆಸರು, ವಿಳಾಸ, ಫೋನ್ ನಂಬರ್ ಹೇಳಲೇಬೇಕೆಂದು ಪೊಲೀಸರು ಬಲವಂತ ಮಾಡುವಂತಿಲ್ಲ. ಆಸ್ಪತ್ರೆಗೆ ಸೇರಿಸಿದ ಮೇಲೆ ನೀವು ಅಲ್ಲಿಂದ ಹೊರಡಬಹುದು. ದುಡ್ಡು ಕಟ್ಟು ಎಂದು ತಡೆಯುವಂತಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ ಎಂದು ನೀವೇ ಮುಂದೆ ಬಂದರೆ, ನಿಮಗೆ ಅನುಕೂಲವಾದ ಕಡೆ, ಒಂದೇ ಸಲ ನಿಮ್ಮ ಹೇಳಿಕೆ ಪಡೆಯಬೇಕು. ಮತ್ತೆ ಮತ್ತೆ ಸ್ಟೇಷನ್ನಿಗೆ ಕರೆಸುವುದು ನಿಯಮಕ್ಕೆ ವಿರುದ್ಧ. 2020ರ ಸೆಪ್ಟೆಂಬರಿನ ನಿಯಮಗಳು ಇನ್ನೊಂದು ಮಾತು ಹೇಳುತ್ತವೆ: ಸರ್ಕಾರಿ ಇರಲಿ, ಖಾಸಗಿ ಇರಲಿ, ಪ್ರತಿಯೊಂದು ಆಸ್ಪತ್ರೆಯೂ ನೆರವಿಗೆ ಬಂದವರ ಈ ಹಕ್ಕುಗಳನ್ನು ಸ್ಥಳೀಯ ಭಾಷೆಯಲ್ಲಿ ಬರೆದು ಬಾಗಿಲ ಬಳಿ ತೂಗುಹಾಕಬೇಕು. ಮುಂದಿನ ಸಲ ಜ್ವರಕ್ಕೋ ಕೆಮ್ಮಿಗೋ ನರ್ಸಿಂಗ್ ಹೋಮಿಗೆ ಹೋದಾಗ ಆ ಫಲಕ ಇದೆಯೇ, ಕನ್ನಡದಲ್ಲಿದೆಯೇ ಎಂದು ನೋಡಿ. ನೆರವಾದವರಿಗೆ ಕೇಂದ್ರ ಸರ್ಕಾರ ಕೊಡುವ ಬಹುಮಾನವೂ 2025ರಲ್ಲಿ 5,000ದಿಂದ 25,000 ರೂಪಾಯಿಗೆ ಏರಿತು. ಆದರೆ ಬಹುಮಾನಕ್ಕಾಗಿ ಯಾರೂ ಬಗ್ಗಿ ಎತ್ತುವುದಿಲ್ಲ. ತೊಂದರೆ ಆಗುವುದಿಲ್ಲ ಎಂಬ ಭರವಸೆ ಸಿಕ್ಕರೆ ಎತ್ತುತ್ತಾರೆ.

ಡಿಕ್ಕಿ ಹೊಡೆದ ಚಾಲಕನಿಗೂ ಕಾನೂನು ಒಂದು ಕೆಲಸ ಹೇಳಿದೆ. ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಬೇಕಾದ ಮೊದಲ ಹೊಣೆ ಅವನದೇ. ಜನ ಹೊಡೆಯುತ್ತಾರೆಂಬ ಭಯವೋ, ಅವನ ಕೈಮೀರಿದ ಬೇರೆ ಕಾರಣವೋ ಇದ್ದರೆ ಮಾತ್ರ ವಿನಾಯಿತಿ. ಸಂಸತ್ತು ಕಾಯ್ದೆಯೊಳಗೇ ಗುಂಪಿನ ಕೋಪದ ಮಾತು ಬರೆಯಬೇಕಾಗಿ ಬಂದಿದೆ, ನೋಡಿ. ಟೆಂಪೊ ಡ್ರೈವರನ್ನು ಇಳಿಸಿ ಹೊಡೆಯಲು ಹೋಗುವ ನಮ್ಮ ಹುಡುಗರಿಗೆ ನಾನು ಕೈಮುಗಿದು ಹೇಳುತ್ತೇನೆ: ಆ ಹತ್ತು ನಿಮಿಷದಲ್ಲಿ ಅವನ ಗಾಡಿಯಲ್ಲೇ ಗಾಯಾಳು ಆಸ್ಪತ್ರೆ ಸೇರಬಹುದಿತ್ತು. ಗಾಡಿಯ ನಂಬರ್ ಬರೆದುಕೊಳ್ಳಿ, ಅಷ್ಟು ಸಾಕು.

ಅಪಘಾತವಾದ ನಂತರದ ಮೊದಲ ಒಂದು ಗಂಟೆಯಲ್ಲಿ ಚಿಕಿತ್ಸೆ ಸಿಕ್ಕರೆ ಜೀವ ಉಳಿಯುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು ಎಂದು ಕಾಯ್ದೆಯೇ ಹೇಳುತ್ತದೆ. ತಲೆಗೆ ಪೆಟ್ಟು ಬಿದ್ದರೆ ನಮ್ಮ ಕಡೆಯವರು ತಕ್ಷಣ ‘ನಿಮ್ಹಾನ್ಸ್’ ಎನ್ನುತ್ತಾರೆ. ಒಳ್ಳೆಯ ಆಸ್ಪತ್ರೆ, ಸಂದೇಹವಿಲ್ಲ. ಆದರೆ ಹೆಗ್ಗನಹಳ್ಳಿಯಿಂದ ಹೊಸೂರು ರಸ್ತೆಗೆ ಸಂಜೆಯ ಟ್ರಾಫಿಕ್ಕಿನಲ್ಲಿ ಇಡೀ ಊರನ್ನು ದಾಟಿ ಹೋಗಬೇಕು. ಮೊದಲು ಹತ್ತಿರದ ಆಸ್ಪತ್ರೆ. ರಕ್ತ ನಿಲ್ಲಿಸಿ, ಉಸಿರಾಟ ಸರಿಮಾಡಿ, ಆಮೇಲೆ ಅಲ್ಲಿಂದ ಆಂಬುಲೆನ್ಸಿನಲ್ಲಿ ಮುಂದಕ್ಕೆ. ‘ಇದು ಪೊಲೀಸ್ ಕೇಸು, ನಾವು ಮುಟ್ಟಲ್ಲ’ ಎಂದು ಯಾವ ವೈದ್ಯರೂ ಹೇಳುವಂತಿಲ್ಲ. 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ ಎಂದು ತೀರ್ಮಾನಿಸಿದೆ. ಇನ್ನೊಂದು ಮಾತು. ಬಿದ್ದವರಿಗೆ ನೀರು ಕುಡಿಸಬೇಡಿ. ಪ್ರೀತಿಯಿಂದಲೇ ಕುಡಿಸುತ್ತೇವೆ, ಆದರೆ ಅರೆಪ್ರಜ್ಞೆಯಲ್ಲಿರುವವರಿಗೆ ಅದು ಶ್ವಾಸನಾಳಕ್ಕೆ ಹೋಗಬಹುದು. ರಕ್ತ ಬರುವ ಕಡೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ.

ಖರ್ಚಿನ ವಿಷಯಕ್ಕೆ ಬರೋಣ. ಅಪಘಾತದ ಗಾಯಾಳುಗಳಿಗೆ ಮುಂಗಡ ಹಣವಿಲ್ಲದೆ ಚಿಕಿತ್ಸೆ ಕೊಡುವ ಯೋಜನೆ ಮಾಡಬೇಕೆಂದು 2019ರ ತಿದ್ದುಪಡಿಯೇ ಹೇಳಿತ್ತು. ವರ್ಷಗಳು ಉರುಳಿದವು, ಯೋಜನೆ ಬರಲಿಲ್ಲ. 2025ರ ಜನವರಿ 8ರಂದು ಸುಪ್ರೀಂ ಕೋರ್ಟು ಗಡುವು ಹಾಕಿದ ಮೇಲೆ, ಆ ವರ್ಷದ ಮೇ 5ರಂದು ಅದು ಪ್ರಕಟವಾಯಿತು. ಅದರಂತೆ ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡವರಿಗೆ, ಅಪಘಾತದ ದಿನದಿಂದ ಏಳು ದಿನದವರೆಗೆ, ತಲಾ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದಿಲ್ಲದೆ ಸಿಗಬೇಕು. ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಪೂರ್ತಿ ಚಿಕಿತ್ಸೆ, ಪಟ್ಟಿಯಲ್ಲಿಲ್ಲದ ಕಡೆ ಸ್ಥಿತಿ ಸುಧಾರಿಸುವವರೆಗಿನ ಚಿಕಿತ್ಸೆ. ಒಂದು ಜೀವ ಉಳಿಸುವ ಯೋಜನೆಗೆ ಇಷ್ಟು ವರ್ಷ ಬೇಕಾಗಿರಲಿಲ್ಲ. ತಡವಾಗಿಯಾದರೂ ಬಂದಿದೆ, ಆಸ್ಪತ್ರೆಯ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಇದರ ಲಾಭ ಸಿಗಬೇಕಾದರೆ ಇದು ರಸ್ತೆ ಅಪಘಾತ ಎಂದು ಪೊಲೀಸರು ದೃಢಪಡಿಸಬೇಕು.

ನಮ್ಮ ಜನ ಹೆಚ್ಚು ಕಳೆದುಕೊಳ್ಳುವುದು ಪೊಲೀಸರಿಗೆ ತಿಳಿಸುವ ಈ ಹಂತದಲ್ಲಿಯೇ. ಗಾರ್ಮೆಂಟ್ಸಿನಲ್ಲಿ ಹೆಲ್ಪರ್ ಆಗಿರುವ ಒಬ್ಬ ಹೆಣ್ಣುಮಗಳು ಸಂಜೆ ಮನೆಗೆ ನಡೆದು ಬರುತ್ತಿದ್ದಾಳೆ ಎಂದುಕೊಳ್ಳಿ. ಗೂಡ್ಸ್ ಆಟೊ ತಾಗಿ ಕಾಲು ಮುರಿಯುತ್ತದೆ. ಗಾಡಿಯವನು ಕೈಮುಗಿಯುತ್ತಾನೆ: ‘ಅಕ್ಕಾ, ನಾನೂ ಬಡವ, ಕೇಸು ಬೇಡ, ಆಸ್ಪತ್ರೆ ಖರ್ಚು ನಾನೇ ನೋಡ್ಕೋತೀನಿ.’ ಹಿರಿಯರೊಬ್ಬರು ನಡುವೆ ಬಂದು ರಾಜಿ ಮಾಡಿಸುತ್ತಾರೆ, ಐದು ಸಾವಿರ ಕೈಗೆ ಬರುತ್ತದೆ. ಆಸ್ಪತ್ರೆಯಲ್ಲಿ ವೈದ್ಯರು ಹೇಗಾಯಿತು ಎಂದು ಕೇಳಿದಾಗ, ಪೊಲೀಸ್ ರಗಳೆ ಬೇಡವೆಂದು, ‘ಮೆಟ್ಟಿಲಿಂದ ಜಾರಿ ಬಿದ್ದಳು’ ಎನ್ನುತ್ತಾರೆ. ಆ ಒಂದು ಸಾಲು ಆಸ್ಪತ್ರೆಯ ಕಡತಕ್ಕೆ ಏರುತ್ತದೆ. ಮೂರು ವಾರದ ಮೇಲೆ ಎರಡನೇ ಆಪರೇಷನ್ ಬೇಕು ಎನ್ನುವಾಗ ಆಟೊದವನು ಫೋನ್ ಎತ್ತುವುದಿಲ್ಲ. ಆಮೇಲೆ ದೂರು ಕೊಟ್ಟು, ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಹೋದರೆ, ವಿಮಾ ಕಂಪನಿಯ ವಕೀಲರು ಮೊದಲು ತೆರೆದು ತೋರಿಸುವುದೇ ಆ ಸಾಲನ್ನು.

ಆಟೊದವನಿಗೆ ವಿಮೆ ಇದ್ದರೆ ಪರಿಹಾರದ ದುಡ್ಡು ಅವನ ಜೇಬಿನಿಂದ ಹೋಗುವುದಿಲ್ಲ, ವಿಮಾ ಕಂಪನಿಯಿಂದ ಬರುತ್ತದೆ ಎಂಬ ಸರಳ ಸಂಗತಿ ನಮ್ಮ ರಾಜಿಪಂಚಾಯಿತಿಗಳಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಬಡವನನ್ನು ಉಳಿಸುತ್ತೇವೆಂದು ಇನ್ನೊಬ್ಬ ಬಡವಳ ಕಾಲನ್ನು ಕಳೆಯುತ್ತೇವೆ. ಆದ್ದರಿಂದ ವೈದ್ಯರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿ. ಪೊಲೀಸರಿಗೆ ತಿಳಿಸುವ ಎಂಎಲ್‌ಸಿ, ಅಂದರೆ ಮೆಡಿಕೊ-ಲೀಗಲ್ ಕೇಸು, ಆಗಲಿ. ನೀವೇ ಸ್ಕಿಡ್ ಆಗಿ ಬಿದ್ದಿದ್ದರೆ ಅದನ್ನೂ ಹಾಗೆಯೇ ಹೇಳಿ. ನಗದಿಲ್ಲದ ಚಿಕಿತ್ಸೆಗೆ ಅದರಿಂದ ಅಡ್ಡಿಯಿಲ್ಲ. ಸುಳ್ಳು ಗಾಡಿಯ ನಂಬರ್ ಸೇರಿಸಿ ಕೇಸು ಕಟ್ಟಿಕೊಡುತ್ತೇವೆ ಎಂದು ಆಸ್ಪತ್ರೆಯ ಬಾಗಿಲಲ್ಲೇ ಬರುವ ದಲ್ಲಾಳಿಗಳಿದ್ದಾರೆ. ಅವರ ಹತ್ತಿರ ಸುಳಿಯಬೇಡಿ. ಅವರಿಂದಾಗಿಯೇ ನಿಜವಾದ ಗಾಯಾಳುಗಳನ್ನೂ ಅನುಮಾನದಿಂದ ನೋಡುವಂತಾಗಿದೆ.

2022ರ ಏಪ್ರಿಲ್ 1ರಿಂದ ಪೊಲೀಸರ ಕೆಲಸಕ್ಕೂ ಗಡುವು ಬಂದಿದೆ. ಅಪಘಾತದ ಮಾಹಿತಿ ಸಿಕ್ಕ 48 ಗಂಟೆಯೊಳಗೆ ಮೊದಲ ವರದಿ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಹೋಗಬೇಕು. ಹತ್ತು ದಿನದೊಳಗೆ ಗಾಯಾಳುವಿನ ಹಕ್ಕುಗಳೇನು ಎಂಬುದನ್ನು ವಿವರಿಸುವ ‘ನಮೂನೆ 2’ ಎಂಬ ಕಾಗದವನ್ನು ತನಿಖಾಧಿಕಾರಿ ಕೊಡಬೇಕು. 90 ದಿನದೊಳಗೆ ಪೂರ್ಣ ವರದಿ. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಳಿ ಎತ್ತಿಕೊಳ್ಳಬಹುದು. ನಮೂನೆ 2 ಕೊಡಿ ಎಂದು ಕೇಳುವವರು ನಾಲ್ಕು ಜನ ಹುಟ್ಟಿಕೊಂಡರೆ, ಐದನೆಯವರಿಗೆ ಕೇಳದೆಯೇ ಸಿಗುತ್ತದೆ. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕೆಂಬ ಮಿತಿ 2019ರ ತಿದ್ದುಪಡಿಯಲ್ಲಿದೆ. ಆ ಮಿತಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆ. ಆದರೂ ಅದನ್ನು ನಂಬಿ ತಡಮಾಡಬೇಡಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಈ ಪ್ರಕರಣಗಳು ನಡೆಯುತ್ತವೆ.

ಗುದ್ದಿದ ಗಾಡಿ ಓಡಿಹೋದರೆ? ಆಗಲೂ ದಾರಿ ಇದೆ. ಗಾಡಿ ಪತ್ತೆಯಾಗದ ಅಪಘಾತದಲ್ಲಿ ಸತ್ತವರ ಮನೆಯವರಿಗೆ ಎರಡು ಲಕ್ಷ, ತೀವ್ರ ಗಾಯಗೊಂಡವರಿಗೆ ಐವತ್ತು ಸಾವಿರ ರೂಪಾಯಿ. ಅರ್ಜಿ ಕೊಡಬೇಕಾದದ್ದು ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಂಥ ವಿಚಾರಣಾಧಿಕಾರಿಗೆ. ಈಗ ಈ ಲೆಕ್ಕ ಕೇಳಿ. 2022ರಲ್ಲಿ ದೇಶದಲ್ಲಿ ನಡೆದ ಇಂಥ ಅಪಘಾತಗಳು 67,387. 2022–23ರಲ್ಲಿ ಬಂದ ಅರ್ಜಿಗಳು 205. ಅವುಗಳಲ್ಲಿ ಇತ್ಯರ್ಥವಾದದ್ದು 95. ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು, ಒಂದು ತಿಂಗಳೊಳಗೆ ಗಾಡಿ ಪತ್ತೆಯಾಗದಿದ್ದರೆ ಈ ಪರಿಹಾರದ ವಿಷಯವನ್ನು ಪೊಲೀಸರೇ ಗಾಯಾಳುವಿಗೆ ಅಥವಾ ಮನೆಯವರಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು ಆದೇಶಿಸಿತು. ಅರವತ್ತೇಳು ಸಾವಿರ ಎಲ್ಲಿ, ಇನ್ನೂರೈದು ಎಲ್ಲಿ! ಇಷ್ಟು ಮನೆಗಳಿಗೆ ಸೇರಬೇಕಾದ ಹಣ, ಹೇಳುವವರಿಲ್ಲದೆ ನಿಂತುಹೋಗಿದೆ.

ಇನ್ನು, ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು ಕಿವಿಗೊಟ್ಟು ಕೇಳಬೇಕಾದ ಮಾತು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮನೆಗೆ ಬರುವಾಗ ಆದ ಅಪಘಾತವನ್ನು ಕೆಲಸದ ಜಾಗದಲ್ಲೇ ಆದ ಅಪಘಾತವೆಂದು ಎಣಿಸಬೇಕು. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಕಾಯ್ದೆಗೆ 2010ರಲ್ಲಿ ಸೇರಿದ ಕಲಂ ಇದು. ಹೊತ್ತು, ದಾರಿ, ಸಂದರ್ಭ ಇವು ಕೆಲಸಕ್ಕೆ ಹೊಂದಿಕೆಯಾಗಬೇಕು, ಅಷ್ಟೇ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐಗೆ ಸೇರುತ್ತಾರೆ. ಸಂಬಳದಿಂದ ಶೇಕಡ 0.75 ಕಡಿತ, ಮಾಲೀಕರ ಪಾಲು ಶೇಕಡ 3.25. ಗಾಯದಿಂದ ಮನೆಯಲ್ಲಿ ಕೂರಬೇಕಾದರೆ ಸಂಬಳದ ಸುಮಾರು ಶೇಕಡ 90ರಷ್ಟು ಭತ್ಯೆ, ಸಾವಾದರೆ ಅವಲಂಬಿತರಿಗೆ ಪಿಂಚಣಿ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಈ ರಕ್ಷಣೆ ಇದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಔಷಧಿಗೆ ಸಾಲಿನಲ್ಲಿ ನಿಲ್ಲುವ ಎಷ್ಟೋ ಜನಕ್ಕೆ, ಅದೇ ಕಾರ್ಡು ರಸ್ತೆಯ ಅಪಘಾತಕ್ಕೂ ನಡೆಯುತ್ತದೆ ಎಂದು ಗೊತ್ತಿಲ್ಲ.

ಹೆಗ್ಗನಹಳ್ಳಿಯ ಗಲ್ಲಿಯಲ್ಲಿ ಐದಾರು ಜನ ದುಡಿಯುವ ಶೆಡ್ಡುಗಳಿಗೆ ಇಎಸ್‌ಐ ಇರುವುದಿಲ್ಲ. ಅವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. ಆ ಕಾಯ್ದೆಯಲ್ಲೂ ಕೆಲಸಕ್ಕೆ ಹೋಗಿಬರುವ ದಾರಿ ಸೇರುತ್ತದೆ ಎಂದು 2025ರ ಜುಲೈ 29ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅದೇ ವರ್ಷದ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ರಕ್ಷಣೆಯನ್ನು ಉಳಿಸಿಕೊಂಡಿದೆ.

ಈಗ ರಸ್ತೆಗೆ ಹೊಸ ಗಾಡಿಗಳು ಬಂದಿವೆ. ಊಟ, ದಿನಸಿ ಹೊತ್ತು ಓಡಾಡುವ ಹುಡುಗರ ಕೈಯಲ್ಲಿ ಸಣ್ಣ ಬ್ಯಾಟರಿ ಸ್ಕೂಟರುಗಳು. ಮೋಟಾರಿನ ಶಕ್ತಿ 250 ವ್ಯಾಟಿಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರುವ ಗಾಡಿಯನ್ನು ಕಾನೂನು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ, ವಿಮೆಯೂ ಬೇಡ. ಅಗ್ಗದ ಓಡಾಟಕ್ಕೆ ಇದು ಒಳ್ಳೆಯದೇ. ಆದರೆ ಅದು ಒಬ್ಬ ಅಜ್ಜಿಗೆ ತಾಗಿ ಸೊಂಟ ಮುರಿದರೆ ಪರಿಹಾರ ಕೊಡಲು ಹಿಂದೆ ವಿಮಾ ಕಂಪನಿ ಇಲ್ಲ. ಈವರೆಗೆ ನಾನು ಹೇಳಿದ ರಕ್ಷಣೆಗಳಲ್ಲಿ ಹಲವು ಅಜ್ಜಿಗೆ ಸಿಗುವುದಿಲ್ಲ. ಕೆಲವರು ಗ್ಯಾರೇಜಿನಲ್ಲಿ ವೇಗದ ಮಿತಿ ತೆಗೆಸುತ್ತಾರೆ. ತೆಗೆಸಿದ ಗಳಿಗೆಯಿಂದ ಅದು ನೋಂದಣಿಯೂ ವಿಮೆಯೂ ಇಲ್ಲದ ಮೋಟಾರು ವಾಹನ, ಪರಿಹಾರವೆಲ್ಲ ಅವರ ತಲೆಗೇ. ಡೆಲಿವರಿಗೆ ಬಳಸುವ ಇಂಥ ಗಾಡಿಗಳಿಗೆ, ಮೂರನೆಯವರಿಗೆ ಆಗುವ ಹಾನಿಯ ವಿಮೆಯನ್ನು ಆಯಾ ಕಂಪನಿಗಳೇ ಮಾಡಿಸಬೇಕು ಎಂದು ಸರ್ಕಾರ ನಿಯಮ ತರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಡೆಲಿವರಿ ಹುಡುಗರಂಥ ಗಿಗ್ ಕಾರ್ಮಿಕರ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿದೆ. ಗಾಡಿ ಓಡಿಸುವವರ ಯೋಚನೆ ಮಾಡಿದ ರಾಜ್ಯ, ಗಾಡಿಗೆ ಸಿಕ್ಕವರ ಯೋಚನೆಯನ್ನೂ ಮಾಡಬಹುದು.

ಕಾರ್ಖಾನೆ ನಡೆಸುವವರಲ್ಲಿ ಒಂದು ಕೋರಿಕೆ. ನಿಮ್ಮ ಕೆಲಸಗಾರರಿಗೆ ಅವರ ಇಎಸ್‌ಐ ನಂಬರನ್ನು ಬರೆದುಕೊಡಿ, ದಾರಿಯಲ್ಲಿ ಬಿದ್ದವರ ವರದಿಯನ್ನು ತಡಮಾಡದೆ ಕಳಿಸಿ. ಪೊಲೀಸ್ ಠಾಣೆಗಳವರು ನಮೂನೆ 2ನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಠಾಣೆಯ ಗೋಡೆಗೂ ಅಂಟಿಸಲಿ. ಕೇಳುಗರಲ್ಲಿ ನನ್ನ ಬೇಡಿಕೆ ಚಿಕ್ಕದು: ತುರ್ತು ಸಹಾಯದ 112 ಸಂಖ್ಯೆಯನ್ನು ಮನೆಯ ಮಕ್ಕಳಿಗೂ ಕಲಿಸಿ, ಇಎಸ್‌ಐ ನಂಬರನ್ನು ಮನೆಯವರ ಮೊಬೈಲಿನಲ್ಲೂ ಇರಿಸಿ, ಆಸ್ಪತ್ರೆಯಲ್ಲಿ ನಡೆದದ್ದನ್ನೇ ಹೇಳಿ. ರಸ್ತೆಯಲ್ಲಿ ಯಾರಾದರೂ ಬಿದ್ದಿರುವುದು ಕಂಡರೆ ನಿಲ್ಲಿ. ನಿಂತವರ ಮೇಲೆ ಕೇಸು ಹಾಕಲು ಕಾನೂನಿನಲ್ಲಿ ಅವಕಾಶವಿಲ್ಲ.